ಅಮೆರಿಕದಲ್ಲಿ ಅಕೌಂಟಿಂಗ್ ಅಸೋಸಿಯೇಟ್ ಡಿಗ್ರಿ: ಸೇರುವ ಮುಂಚೆ ಹಾಕಬೇಕಾದ ಲೆಕ್ಕ

ಅಮೆರಿಕಕ್ಕೆ ಬಂದ ನಮ್ಮವರಲ್ಲಿ ಬಿ.ಕಾಂ ಓದಿದವರು ಎಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತಾಗಿದ್ದು ಕನ್ನಡ ಕೂಟದ ಯುಗಾದಿ ಊಟದಲ್ಲಿ. ಒಬ್ಬರು ದಾವಣಗೆರೆಯ ಆಡಿಟರ್ ಆಫೀಸಿನಲ್ಲಿ ಟ್ಯಾಲಿ ಎಂಟ್ರಿ ಮಾಡಿದವರು, ಇನ್ನೊಬ್ಬರು ಉಡುಪಿಯಲ್ಲಿ ಬ್ಯಾಂಕ್ ಕೌಂಟರಿನಲ್ಲಿ ಕೂತವರು. ಮಕ್ಕಳು ಸ್ಕೂಲಿಗೆ ಹೋಗಲು ಶುರುವಾದ ಮೇಲೆ ಎಲ್ಲರ ಪ್ರಶ್ನೆಯೂ ಒಂದೇ. "ಅಕ್ಕಾ, ಇಲ್ಲೇ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಅಕೌಂಟಿಂಗ್ ಅಸೋಸಿಯೇಟ್ ಡಿಗ್ರಿ ಇದೆಯಂತೆ. ಸೇರಿಬಿಡಲಾ?"

ನಾನು ಯಾರನ್ನೂ ಕೇಳದೆ ಸೇರಿದವಳು. ಎರಡು ವರ್ಷ ಓದಿ ಮುಗಿಸಿದ ಮೇಲೆ ನಾಲ್ಕು ವರ್ಷದ ಡಿಗ್ರಿಗೆ ಹೋಗೋಣ ಅಂತ ಯೂನಿವರ್ಸಿಟಿಗೆ ಅರ್ಜಿ ಹಾಕಿದೆ. ಇಲ್ಲಿ ಪ್ರತಿ ಕ್ಲಾಸಿಗೂ ಇಷ್ಟು ಕ್ರೆಡಿಟ್ ಅಂತ ಓದನ್ನು ಎಣಿಸುತ್ತಾರೆ. ನನ್ನ ಕ್ರೆಡಿಟ್‌ಗಳಲ್ಲಿ ಅರ್ಧದಷ್ಟನ್ನು ಅವರು ತೆಗೆದುಕೊಳ್ಳಲೇ ಇಲ್ಲ. ಪೇರೋಲ್, ಆಫೀಸ್ ಸಾಫ್ಟ್‌ವೇರ್, ಬಿಸಿನೆಸ್ ಮ್ಯಾಥ್, ಎಲ್ಲ ಹೋಯ್ತು. ಓದಿದ್ದು ವ್ಯರ್ಥ ಅಂತ ಹೇಳುವುದಿಲ್ಲ, ಮೊದಲ ಕೆಲಸ ಸಿಕ್ಕಿದ್ದು ಅದರಿಂದಲೇ. ಆದರೆ ಒಂದು ಸಂಜೆ ಕೂತು ಲೆಕ್ಕ ಹಾಕಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಆ ಸಂಜೆಯ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ನೋಟ್‌ಬುಕ್ ತೆಗೆದಿಟ್ಟುಕೊಳ್ಳಿ.

ಮೊದಲು, ಯಾವ ಅಸೋಸಿಯೇಟ್ ಅಂತ ನೋಡಿ

ಅಸೋಸಿಯೇಟ್ ಡಿಗ್ರಿ ಅಂದರೆ ಸುಮಾರು 60 ಕ್ರೆಡಿಟ್, ಪೂರ್ತಿ ಸಮಯ ಓದಿದರೆ ಎರಡು ವರ್ಷ. ಬ್ಯಾಚುಲರ್ ಡಿಗ್ರಿಗೆ 120 ಕ್ರೆಡಿಟ್. ಅರ್ಧ ದಾರಿ ಅಂತ ಅನಿಸುತ್ತದೆ ಅಲ್ವಾ? ಯಾವಾಗಲೂ ಹಾಗಲ್ಲ.

ಒಂದೇ ಕಾಲೇಜಿನಲ್ಲಿ ಅಕೌಂಟಿಂಗ್ ಹೆಸರಿನ ಎರಡು ಅಸೋಸಿಯೇಟ್ ಇರಬಹುದು. ಎಎ (ಅಸೋಸಿಯೇಟ್ ಆಫ್ ಆರ್ಟ್ಸ್) ಅಥವಾ ಎಎಸ್ (ಅಸೋಸಿಯೇಟ್ ಆಫ್ ಸೈನ್ಸ್) ಅಂತ ಇದ್ದರೆ ಅದು ಸಾಮಾನ್ಯವಾಗಿ ಮುಂದೆ ಯೂನಿವರ್ಸಿಟಿಗೆ ಹೋಗುವವರಿಗೆ. ಇಂಗ್ಲಿಷ್ ಬರವಣಿಗೆ, ಗಣಿತ, ವಿಜ್ಞಾನ, ಇತಿಹಾಸ ಜಾಸ್ತಿ ಇರುತ್ತದೆ, ಅಕೌಂಟಿಂಗ್ ಪೇಪರ್ ಎರಡೋ ಮೂರೋ. ಎಎಎಸ್ (ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್) ಅಂತ ಇದ್ದರೆ ಅದು ನೇರ ಕೆಲಸಕ್ಕೆ. ಪೇರೋಲ್, ಕ್ವಿಕ್‌ಬುಕ್ಸ್ (ನಮ್ಮ ಟ್ಯಾಲಿ ಥರದ ಲೆಕ್ಕದ ಸಾಫ್ಟ್‌ವೇರ್), ಇನ್‌ಕಮ್ ಟ್ಯಾಕ್ಸ್, ಎಕ್ಸೆಲ್ ಎಲ್ಲ ಸಿಗುತ್ತದೆ. ಆದರೆ ಯೂನಿವರ್ಸಿಟಿಗೆ ಹೋಗುವಾಗ ಇದರ ಕ್ರೆಡಿಟ್‌ಗಳು ಎಷ್ಟೋ ಸಲ ಬಾಗಿಲಲ್ಲೇ ಉಳಿದುಬಿಡುತ್ತವೆ. ನಾನು ಓದಿದ್ದು ಈ ಎರಡನೆಯದು. ಹೆಸರಿನಲ್ಲಿ ಹೆಚ್ಚಿಗೆ ಇದ್ದ ಆ ಒಂದು ಅಕ್ಷರವನ್ನು ನಾನು ಗಮನಿಸಿರಲಿಲ್ಲ.

ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಇಷ್ಟು ಬರೆಯಿರಿ: ನನಗೆ ಬೇಕಿರುವುದು ಬೇಗ ಒಂದು ಕೆಲಸವೋ, ಮುಂದೆ ಬ್ಯಾಚುಲರ್ ಮತ್ತು ಸಿಪಿಎ (ನಮ್ಮ ಸಿಎ ಥರದ ಪರವಾನಗಿ) ದಾರಿಯೋ? ಎರಡೂ ಬೇಕು ಅನಿಸಿದರೆ ಎಎಸ್ ಕಡೆ ಹೋಗಿ, ಕ್ವಿಕ್‌ಬುಕ್ಸ್ ಅನ್ನು ಬೇರೆ ಕಲಿಯಿರಿ. ಇಂಟ್ಯೂಟ್ ಕಂಪನಿಯೇ ಅದರ ಪ್ರೋಅಡ್ವೈಸರ್ ತರಬೇತಿಯನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುತ್ತದೆ.

ಎರಡನೆಯದು, ಕೈಯಲ್ಲಿ ಈಗಾಗಲೇ ಏನಿದೆ

ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ನಿರ್ಧಾರ ನಿಂತಿರುವುದು ಇದರ ಮೇಲೆ.

ನಿಮ್ಮ ಹತ್ತಿರ ಮೈಸೂರು, ಬೆಂಗಳೂರು, ಕರ್ನಾಟಕ, ಮಂಗಳೂರು, ಯಾವುದೋ ಒಂದು ಯೂನಿವರ್ಸಿಟಿಯ ಮೂರು ವರ್ಷದ ಬಿ.ಕಾಂ ಇದ್ದರೆ ಮೊದಲು ಅದನ್ನು ಮೌಲ್ಯಮಾಪನ ಮಾಡಿಸಿ. ಇಲ್ಲಿ ಇದನ್ನು ಕ್ರೆಡೆನ್ಷಿಯಲ್ ಇವ್ಯಾಲ್ಯುಯೇಷನ್ ಅಂತಾರೆ. ಡಬ್ಲ್ಯೂಇಎಸ್ ಥರದ ಸಂಸ್ಥೆಗಳು ಮಾಡುತ್ತವೆ. ಮೂರು ವರ್ಷದ ಡಿಗ್ರಿಯನ್ನು ಕೆಲವು ಕಡೆ ಪೂರ್ತಿ ಬ್ಯಾಚುಲರ್ ಅಂತ ಒಪ್ಪುತ್ತಾರೆ, ಕೆಲವು ಕಡೆ ಮೂರು ವರ್ಷದ ಕಾಲೇಜು ಓದು ಅಂತ ಮಾತ್ರ. ಯೂನಿವರ್ಸಿಟಿ ಯಾವುದು, ಪಾಸಾದ ಕ್ಲಾಸ್ ಯಾವುದು, ಮೌಲ್ಯಮಾಪನ ಮಾಡುವವರು ಯಾರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮಾಡಿಸುವಾಗ ಕೋರ್ಸ್ ಬೈ ಕೋರ್ಸ್ ರಿಪೋರ್ಟ್ ಕೇಳಿ. ಪ್ರತಿ ಪೇಪರಿಗೂ ಎಷ್ಟು ಕ್ರೆಡಿಟ್ ಅಂತ ಅದರಲ್ಲಿ ಬರುತ್ತದೆ. ಆ ರಿಪೋರ್ಟ್ ಹಿಡಿದು ಕಾಲೇಜಿಗೆ ಹೋದರೆ ಎಷ್ಟೋ ಕ್ಲಾಸುಗಳನ್ನು ಮತ್ತೆ ಓದುವ ಹಾಗೇ ಇರುವುದಿಲ್ಲ. ಊರಿನಿಂದ ಅಂಕಪಟ್ಟಿ, ಮುಚ್ಚಿದ ಲಕೋಟೆಯ ಟ್ರಾನ್ಸ್‌ಕ್ರಿಪ್ಟ್ ತರಿಸಲು ತಿಂಗಳುಗಟ್ಟಲೆ ಹಿಡಿಯಬಹುದು. ಮುಂದಿನ ಸಲ ಊರಿಗೆ ಹೋದಾಗ ಮೊದಲ ವಾರವೇ ಪರೀಕ್ಷಾ ವಿಭಾಗಕ್ಕೆ ಹೋಗಿಬನ್ನಿ. ಮದುವೆ ಮುಂಜಿ ಮುಗಿಸಿ ಕೊನೆಯ ವಾರ ಹೋದರೆ ಕೆಲಸ ಆಗಲ್ಲ.

ಬಿ.ಕಾಂ ಬ್ಯಾಚುಲರ್ ಅಂತ ಒಪ್ಪಿಗೆಯಾದರೆ ನನ್ನ ಸಲಹೆ ನೇರವಾಗಿದೆ. ನಿಮಗೆ ಅಸೋಸಿಯೇಟ್ ಡಿಗ್ರಿ ಬೇಡ. ಅಮೆರಿಕದ ಪದ್ಧತಿ ಕಲಿಸುವ ನಾಲ್ಕೈದು ಕ್ಲಾಸ್ ಸಾಕು. ಡಿಗ್ರಿ ಇರುವವರು ಇನ್ನೊಂದು ಚಿಕ್ಕ ಡಿಗ್ರಿಗಾಗಿ ಇಂಗ್ಲಿಷ್ ಕಾಂಪೊಸಿಷನ್, ಜೀವಶಾಸ್ತ್ರದ ಲ್ಯಾಬ್ ಅಂತ ಎರಡು ವರ್ಷ ಕಳೆಯುವುದು ನೋಡಿದರೆ ನನಗೆ ಸಂಕಟ ಆಗುತ್ತದೆ. ಪಿಯುಸಿಗೆ ನಿಂತವರು, ಡಿಗ್ರಿ ಅರ್ಧಕ್ಕೆ ಬಿಟ್ಟವರು, ಬೇರೆ ವಿಷಯ ಓದಿ ಮೂರು ವರ್ಷ ಅಂತ ಮಾತ್ರ ಲೆಕ್ಕಕ್ಕೆ ಸಿಕ್ಕವರು, ಇವರಿಗೆ ಅಸೋಸಿಯೇಟ್ ನಿಜಕ್ಕೂ ಒಳ್ಳೆಯ ಬಾಗಿಲು.

ಇನ್ನು ವೀಸಾ. ಎಚ್-4ನಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಕುಟುಂಬದ ವೀಸಾದಲ್ಲಿ, ಇದ್ದವರು ಓದಬಹುದು, ಅದಕ್ಕೆ ಬೇರೆ ವೀಸಾ ಬೇಕಿಲ್ಲ. ಕೆಲಸ ಮಾಡಲು ಮಾತ್ರ ಇಎಡಿ ಎಂಬ ಅನುಮತಿ ಪತ್ರ ಬೇಕು. ಗಂಡನೋ ಹೆಂಡತಿಯೋ ಎಚ್-1ಬಿಯಲ್ಲಿದ್ದು ಗ್ರೀನ್ ಕಾರ್ಡ್‌ಗಾಗಿ ಹಾಕಿದ ಐ-140 ಅರ್ಜಿ ಒಪ್ಪಿಗೆ ಆಗಿದ್ದರೆ ಅಥವಾ ಆರು ವರ್ಷ ದಾಟಿ ಎಚ್-1ಬಿ ವಿಸ್ತರಣೆ ಸಿಕ್ಕಿದ್ದರೆ ಎಚ್-4 ಇಎಡಿಗೆ ಅರ್ಜಿ ಹಾಕಬಹುದು. 2015ರಿಂದ ಈ ನಿಯಮ ಇದೆ. ಕಂಪನಿಯ ವರ್ಗಾವಣೆಯಲ್ಲಿ ಎಲ್-1 ವೀಸಾದಲ್ಲಿ ಬಂದವರ ಎಲ್-2 ಸಂಗಾತಿಗಳಿಗೆ 2021ರ ಕೊನೆಯಿಂದ ವೀಸಾ ಜೊತೆಗೇ ಕೆಲಸದ ಹಕ್ಕೂ ಇದೆ. ಇಎಡಿ ಇನ್ನೂ ಮೂರು ವರ್ಷ ದೂರ ಅಂತಾದರೆ ಅವಸರ ಮಾಡಬೇಡಿ. ಒಂದೊಂದೇ ಕ್ಲಾಸ್ ತೆಗೆದುಕೊಂಡು ನಿಧಾನವಾಗಿ ಓದಿ. ಡಿಗ್ರಿ ಮುಗಿಸಿ ಮೂರು ವರ್ಷ ಮನೆಯಲ್ಲಿ ಕೂತರೆ ಕಲಿತದ್ದೂ ಮರೆಯುತ್ತದೆ, ಬಯೋಡಾಟಾದಲ್ಲೂ ಖಾಲಿ ಜಾಗ ಬೀಳುತ್ತದೆ.

ಮೂರನೆಯದು, ಖರ್ಚು. ಡಾಲರಿನಲ್ಲೇ ಬರೆಯಿರಿ

ರೂಪಾಯಿಗೆ ಗುಣಿಸಬೇಡಿ. ಸಂಬಳ ಇಲ್ಲದೆ ಮನೆಯಲ್ಲಿರುವಾಗ ನಾವು ಎಲ್ಲವನ್ನೂ ರೂಪಾಯಿಯಲ್ಲಿ ನೋಡುತ್ತೇವೆ, ಆಗ 300 ಡಾಲರಿನ ಕ್ಲಾಸೂ ಭಯ ಹುಟ್ಟಿಸುತ್ತದೆ. ಖರ್ಚು ಡಾಲರಿನದು, ಮುಂದೆ ಬರುವ ಸಂಬಳವೂ ಡಾಲರಿನದೇ.

ಕಾಲೇಜ್ ಬೋರ್ಡ್ ಲೆಕ್ಕದ ಪ್ರಕಾರ 2024-25ರಲ್ಲಿ ಕಮ್ಯುನಿಟಿ ಕಾಲೇಜಿನ ಸರಾಸರಿ ಫೀಸು, ಅದೇ ಜಿಲ್ಲೆಯ ನಿವಾಸಿಗಳಿಗೆ, ವರ್ಷಕ್ಕೆ 4,050 ಡಾಲರ್. ಸರ್ಕಾರಿ ಯೂನಿವರ್ಸಿಟಿಯಲ್ಲಿ ಅದೇ ರಾಜ್ಯದವರಿಗೆ 11,610. ಕ್ಯಾಲಿಫೋರ್ನಿಯಾದಲ್ಲಿ ಒಂದು ಯೂನಿಟ್‌ಗೆ (ಕ್ರೆಡಿಟ್‌ಗೆ ಅಲ್ಲಿ ಹಾಗಂತಾರೆ) 46 ಡಾಲರ್, ಅಂದರೆ 60 ಯೂನಿಟ್‌ಗೆ 2,760. ಎರಡು ವರ್ಷದ ಓದಿಗೆ ಇಷ್ಟು ಕಡಿಮೆ ಫೀಸು ಬೇರೆ ಕಡೆ ಸಿಗುವುದು ಕಷ್ಟ.

ಇದೆಲ್ಲ ಆ ರಾಜ್ಯದ ನಿವಾಸಿ ಅಂತ ಕಾಲೇಜು ಒಪ್ಪಿದರೆ ಮಾತ್ರ. ಒಪ್ಪದಿದ್ದರೆ ಫೀಸು ಹಲವು ಪಟ್ಟು ಏರುತ್ತದೆ. ಎಚ್-4ನವರನ್ನು ನಿವಾಸಿ ಅಂತ ಎಣಿಸುವ ನಿಯಮ ರಾಜ್ಯಕ್ಕೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷಕ್ಕೂ ಜಾಸ್ತಿ ವಾಸ ಇದ್ದು ದಾಖಲೆ ತೋರಿಸಿದರೆ ಎಚ್-4ನವರಿಗೂ ಆಗುತ್ತದೆ. ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ಟ್ಯಾಕ್ಸ್ ರಿಟರ್ನ್ ಎಲ್ಲವನ್ನೂ ಒಂದೇ ಫೈಲಿನಲ್ಲಿ ಹಾಕಿಕೊಂಡು ಅಡ್ಮಿಷನ್ ಆಫೀಸಿಗೆ ಹೋಗಿ. ಹೊಸ ರಾಜ್ಯಕ್ಕೆ ಬಂದು ಎಂಟು ತಿಂಗಳಾಗಿದ್ದರೆ ಇನ್ನೊಂದು ಸೆಮಿಸ್ಟರ್ ಕಾಯುವುದೇ ದೊಡ್ಡ ಉಳಿತಾಯ.

ಪುಸ್ತಕದ ಖರ್ಚನ್ನು ಮರೆಯಬೇಡಿ. ಅಕೌಂಟಿಂಗ್ ಪುಸ್ತಕದ ಜೊತೆ ಹೋಮ್‌ವರ್ಕ್ ಮಾಡಲು ಆನ್‌ಲೈನ್ ಕೋಡ್ ಕೊಳ್ಳಬೇಕಾಗುತ್ತದೆ, ಅದು ಸೆಕೆಂಡ್ ಹ್ಯಾಂಡ್ ಸಿಗಲ್ಲ. ಸೇರುವ ಮುಂಚೆಯೇ ಓದಿ ನೋಡಬೇಕು ಅಂದರೆ ಓಪನ್‌ಸ್ಟ್ಯಾಕ್ಸ್‌ನವರ ಅಕೌಂಟಿಂಗ್ ಪುಸ್ತಕದ ಎರಡು ಸಂಪುಟ ಆನ್‌ಲೈನ್‌ನಲ್ಲಿ ಪೂರ್ತಿ ಉಚಿತ.

ಆದರೆ ನಮ್ಮಂಥವರಿಗೆ ಎಲ್ಲಕ್ಕಿಂತ ದೊಡ್ಡ ಖರ್ಚು ಫೀಸಲ್ಲ, ಮಗುವನ್ನು ನೋಡಿಕೊಳ್ಳುವವರದ್ದು. ಡೇಕೇರ್ ಒಂದು ತಿಂಗಳ ಬಿಲ್ಲು ಒಂದು ಸೆಮಿಸ್ಟರಿನ ಫೀಸನ್ನು ಮೀರಿಸಬಹುದು. ಅದಕ್ಕೇ ಕ್ಲಾಸಿನ ವೇಳಾಪಟ್ಟಿ ನೋಡಿದ ಮೇಲೆಯೇ ಖರ್ಚು ಬರೆಯಿರಿ. ಸಂಜೆ ಕ್ಲಾಸ್, ಆನ್‌ಲೈನ್ ಕ್ಲಾಸ್ ಇದೆಯಾ, ಕ್ಯಾಂಪಸ್‌ನಲ್ಲೇ ಮಕ್ಕಳ ಕೇಂದ್ರ ಇದೆಯಾ ಕೇಳಿ. ಅತ್ತೆಯೋ ಅಮ್ಮನೋ ಊರಿಂದ ಬರುವ ಆರು ತಿಂಗಳಲ್ಲಿ ಕಷ್ಟದ ಕ್ಲಾಸ್ ಇಟ್ಟುಕೊಳ್ಳಬಹುದು. ಆದರೆ ಅವರನ್ನು ಮೊದಲೇ ಕೇಳಿ, ಅವರಿಗೂ ವಯಸ್ಸಾಗಿದೆ.

ಖರ್ಚಿನಿಂದ ಕಳೆಯಬಹುದಾದದ್ದೂ ಇದೆ. ಗ್ರೀನ್ ಕಾರ್ಡ್ ಇದ್ದವರು, ನಾಗರಿಕರು ಓದಿನ ನೆರವಿಗಾಗಿ ಎಫ್ಎಎಫ್‌ಎಸ್‌ಎ ಎಂಬ ಅರ್ಜಿ ಹಾಕಬಹುದು. ಎಚ್-4ನವರಿಗೆ ಕೇಂದ್ರ ಸರ್ಕಾರದ ಈ ನೆರವು ಇಲ್ಲ. ಅದರಲ್ಲಿ ವಾಪಸ್ ಕೊಡಬೇಕಿಲ್ಲದ ಪೆಲ್ ಗ್ರಾಂಟ್ ಈಗಾಗಲೇ ಬ್ಯಾಚುಲರ್ ಇದ್ದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ, ಹೊರದೇಶದ ಡಿಗ್ರಿಯೂ ಇದರಲ್ಲಿ ಲೆಕ್ಕಕ್ಕೆ ಬರುತ್ತದೆ. ತೆರಿಗೆಯಲ್ಲಿ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಅಂತ ಒಂದು ರಿಯಾಯಿತಿ ಇದೆ. ಫೀಸಿನ ಶೇಕಡಾ 20ರಷ್ಟು, ವರ್ಷಕ್ಕೆ ಹೆಚ್ಚೆಂದರೆ 2,000 ಡಾಲರ್. ಒಂದೇ ಕ್ಲಾಸ್ ತೆಗೆದುಕೊಂಡರೂ ಸಿಗುತ್ತದೆ. ಗಂಡ ಹೆಂಡತಿ ಜಂಟಿಯಾಗಿ ಫೈಲ್ ಮಾಡುವಾಗ ಆದಾಯ 1,80,000 ಡಾಲರ್ ದಾಟಿದರೆ ಇದು ಇಲ್ಲ. 2025ರ ಹೊಸ ತೆರಿಗೆ ಕಾನೂನಿನಿಂದ ಇದಕ್ಕೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೂಡ ಬೇಕು.

ನಾಲ್ಕನೆಯದು, ಕೈಗೆ ಏನು ಬರುತ್ತದೆ

ಇಲ್ಲಿ ಕಾಲೇಜಿನ ಕರಪತ್ರ ನಂಬಬೇಡಿ. ಅದರಲ್ಲಿ ಅಕೌಂಟೆಂಟ್ ಸಂಬಳ ದೊಡ್ಡದಾಗಿ ಹಾಕಿರುತ್ತಾರೆ. ಅಸೋಸಿಯೇಟ್ ಮುಗಿಸಿದವರಿಗೆ ಸಾಮಾನ್ಯವಾಗಿ ಸಿಗುವುದು ಬುಕ್‌ಕೀಪರ್, ಅಕೌಂಟ್ಸ್ ಪೇಯಬಲ್ ಕ್ಲರ್ಕ್, ಪೇರೋಲ್ ಕ್ಲರ್ಕ್ ಥರದ ಕೆಲಸ. ಅಕೌಂಟೆಂಟ್ ಹುದ್ದೆಗೆ ಬ್ಯಾಚುಲರ್ ಕೇಳುತ್ತಾರೆ.

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರ ಮೇ ತಿಂಗಳಲ್ಲಿ ಬುಕ್‌ಕೀಪಿಂಗ್ ಕ್ಲರ್ಕ್‌ಗಳ ನಡುಮಟ್ಟದ ವಾರ್ಷಿಕ ಸಂಬಳ 49,210 ಡಾಲರ್. ಅಕೌಂಟೆಂಟ್ ಮತ್ತು ಆಡಿಟರ್‌ಗಳದ್ದು 81,680. ನಡುವಿನ ಅಂತರ 32 ಸಾವಿರಕ್ಕೂ ಜಾಸ್ತಿ. ಅದೇ ಇಲಾಖೆ 2024ರಿಂದ 2034ರವರೆಗೆ ಬುಕ್‌ಕೀಪಿಂಗ್ ಕೆಲಸ ಶೇಕಡಾ 6ರಷ್ಟು ಇಳಿಯುತ್ತದೆ, ಅಕೌಂಟೆಂಟ್ ಕೆಲಸ ಶೇಕಡಾ 5ರಷ್ಟು ಏರುತ್ತದೆ ಅಂತ ಅಂದಾಜಿಸಿದೆ. ಬಿಲ್ಲನ್ನು ಸ್ಕ್ಯಾನ್ ಮಾಡಿ ಎಂಟ್ರಿ ಹಾಕುವ ಕೆಲಸ ಸಾಫ್ಟ್‌ವೇರ್ ಮಾಡುತ್ತಿದೆ. ಹಾಗಂತ ಕೆಲಸವೇ ಇಲ್ಲ ಅಂತಲ್ಲ. ನಿವೃತ್ತಿ ಆದವರ, ಬೇರೆ ಕಡೆ ಹೋದವರ ಜಾಗ ತುಂಬಲು ವರ್ಷಕ್ಕೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಹುದ್ದೆ ತೆರೆಯುತ್ತವೆ. ಒಳಗೆ ಬರಲು ಜಾಗ ಇದೆ, ಅಲ್ಲೇ ಇಪ್ಪತ್ತು ವರ್ಷ ಕೂರುವುದು ಕಷ್ಟ ಅಂತ ಇದರ ಅರ್ಥ.

ಈಗ ಒಂದು ಉದಾಹರಣೆ ಲೆಕ್ಕ ಹಾಕೋಣ. ಅಂಗಡಿಯಲ್ಲಿ ಗಂಟೆಗೆ 16 ಡಾಲರಿಗೆ ಕೆಲಸ ಮಾಡುವ ಒಬ್ಬರು ಇದ್ದಾರೆ ಅಂದುಕೊಳ್ಳಿ. ಡಿಗ್ರಿ ಮುಗಿಸಿ ಗಂಟೆಗೆ 22 ಡಾಲರಿನ ಅಕೌಂಟ್ಸ್ ಕ್ಲರ್ಕ್ ಕೆಲಸ ಸಿಕ್ಕಿತು. ವರ್ಷಕ್ಕೆ 2,000 ಗಂಟೆ ಅಂದರೆ 12,000 ಡಾಲರ್ ಹೆಚ್ಚು. ಎರಡು ವರ್ಷದ ಫೀಸು 8,100, ಪುಸ್ತಕ ಮತ್ತು ಓಡಾಟ 2,400 ಅಂತ ಇಟ್ಟರೆ ಒಟ್ಟು 10,500. ಒಂದು ವರ್ಷ ದುಡಿದರೆ ಹೆಚ್ಚುಕಡಿಮೆ ಹಾಕಿದ್ದು ವಾಪಸ್.

ಇದರ ಕೆಳಗೆ ಇನ್ನೊಂದು ಸಾಲು ಬರೆಯಿರಿ. ಬಿ.ಕಾಂ ಇರುವ ಒಬ್ಬರು ಅದೇ 22 ಡಾಲರಿನ ಕೆಲಸಕ್ಕೆ 12 ಕ್ರೆಡಿಟ್‌ನ ನಾಲ್ಕು ಕ್ಲಾಸ್ ಓದಿಯೇ ಸೇರಿದರು. ಕ್ರೆಡಿಟ್‌ಗೆ 135 ಡಾಲರ್ ಲೆಕ್ಕದಲ್ಲಿ ಫೀಸು 1,620. ಸಮಯ ಎರಡು ಸೆಮಿಸ್ಟರ್. ಸಂಬಳ ಒಂದೇ. ಅವರ ಮಟ್ಟಿಗೆ ಉಳಿದ 48 ಕ್ರೆಡಿಟ್‌ನಿಂದ ಏನು ಬಂತು? ನಿಮ್ಮ ನೋಟ್‌ಬುಕ್ಕಿನಲ್ಲಿ ಈ ಎರಡು ಸಾಲು ಒಂದರ ಕೆಳಗೊಂದು ಇರಬೇಕು. ಡಿಗ್ರಿಯ ಲಾಭವನ್ನು ಏನೂ ಮಾಡದೆ ಕೂರುವುದರ ಜೊತೆ ಹೋಲಿಸಿದರೆ ಅದು ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ನಿಮಗೆ ಸಿಗುವ ಮುಂದಿನ ಅಗ್ಗದ ದಾರಿಯ ಜೊತೆ ಹೋಲಿಸಿ.

ಊರಿನ ಲೆಕ್ಕ, ಇಲ್ಲಿನ ಲೆಕ್ಕ

ಬಿ.ಕಾಂನವರಿಗೆ ನಾಲ್ಕು ಕ್ಲಾಸ್ ಯಾಕೆ ಬೇಕು, ಡೆಬಿಟ್ ಕ್ರೆಡಿಟ್ ಎಲ್ಲ ಕಡೆ ಒಂದೇ ಅಲ್ವಾ ಅಂತ ಕೇಳುತ್ತಾರೆ. ನನ್ನ ಮೊದಲ ಕ್ಲಾಸಿನದು ಹೇಳುತ್ತೇನೆ. ಮೇಡಂ ಬೋರ್ಡಿನ ಮೇಲೆ ಟಿ ಆಕಾರ ಬರೆದು, 800 ಡಾಲರ್ ಬಾಡಿಗೆ ಚೆಕ್‌ನಲ್ಲಿ ಕೊಟ್ಟಿದ್ದಕ್ಕೆ ಎಂಟ್ರಿ ಕೇಳಿದರು. ನನ್ನ ತಲೆ ಪಿಯುಸಿಗೆ ಓಡಿತು. ಬಾಡಿಗೆ ನಾಮಿನಲ್ ಅಕೌಂಟ್, ಖರ್ಚು ನಷ್ಟ ಡೆಬಿಟ್, ಆದಾಯ ಲಾಭ ಕ್ರೆಡಿಟ್. ಪಕ್ಕದ ಹುಡುಗಿ ಹೇಳಿದ್ದು ಬೇರೆ: ಖರ್ಚು ಏರಿತು, ಅದಕ್ಕೆ ಡೆಬಿಟ್. ಆಸ್ತಿ ಇಳಿಯಿತು, ಅದಕ್ಕೆ ಕ್ರೆಡಿಟ್. ಇಬ್ಬರ ಎಂಟ್ರಿಯೂ ಒಂದೇ. ಆದರೆ ನಾನು ನಾಮಿನಲ್ ಅಂದಾಗ ಕ್ಲಾಸಿನಲ್ಲಿ ಒಬ್ಬರಿಗೂ ಅರ್ಥವಾಗಲಿಲ್ಲ.

ಸಂದರ್ಶನದಲ್ಲೂ ಹೀಗೇ ಆಗುತ್ತದೆ. ನಮ್ಮ ಸಂಡ್ರಿ ಡೆಟರ್ಸ್ ಇಲ್ಲಿ ಅಕೌಂಟ್ಸ್ ರಿಸೀವಬಲ್. ಸಂಡ್ರಿ ಕ್ರೆಡಿಟರ್ಸ್ ಅಕೌಂಟ್ಸ್ ಪೇಯಬಲ್. ಕ್ಲೋಸಿಂಗ್ ಸ್ಟಾಕ್ ಅಂದರೆ ಎಂಡಿಂಗ್ ಇನ್ವೆಂಟರಿ. ಡಿಬೆಂಚರ್ ಅನ್ನುವ ಕಡೆ ಬಾಂಡ್ ಅಂತಾರೆ. ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಬಹಳ ಕಂಪನಿಗಳಿಗೆ ಜನವರಿಯಿಂದ ಡಿಸೆಂಬರ್. ಟಿಡಿಎಸ್, ಜಿಎಸ್‌ಟಿ ಬದಲು ಡಬ್ಲ್ಯೂ-2, 1099 ಎಂಬ ಆದಾಯದ ಫಾರಂಗಳು, ಸೇಲ್ಸ್ ಟ್ಯಾಕ್ಸ್. ಒಂದು ಲಕ್ಷಕ್ಕೆ ಕಾಮಾ ಹಾಕುವ ಜಾಗವೂ ಬೇರೆ. ಬುದ್ಧಿ ಇಲ್ಲದೆ ಅಲ್ಲ, ಈ ಪದಗಳು ಬಾಯಿಗೆ ಬಾರದೆ ನಮ್ಮವರು ಎಷ್ಟೋ ಸಂದರ್ಶನದಲ್ಲಿ ತಡವರಿಸುತ್ತಾರೆ. ಫೈನಾನ್ಷಿಯಲ್ ಅಕೌಂಟಿಂಗ್, ಫೆಡರಲ್ ಟ್ಯಾಕ್ಸ್, ಪೇರೋಲ್, ಕ್ವಿಕ್‌ಬುಕ್ಸ್, ಈ ನಾಲ್ಕು ಕ್ಲಾಸ್ ಆ ತೊಡಕನ್ನು ಬಿಡಿಸುತ್ತವೆ.

ಐದನೆಯದು, ಪಕ್ಕದ ದಾರಿಗಳನ್ನೂ ಬರೆದುಕೊಳ್ಳಿ

ಕಮ್ಯುನಿಟಿ ಕಾಲೇಜಿನಲ್ಲೇ ಅಕೌಂಟಿಂಗ್ ಸರ್ಟಿಫಿಕೇಟ್ ಇರುತ್ತದೆ. ಸಾಮಾನ್ಯ ವಿಷಯಗಳ ಹೊರೆ ಕಡಿಮೆ, ಅವಧಿಯೂ ಕಡಿಮೆ.

ತೆರಿಗೆ ಕೆಲಸ ಇಷ್ಟವಾದರೆ ಎನ್‌ರೋಲ್ಡ್ ಏಜೆಂಟ್ ಪರೀಕ್ಷೆ ನೋಡಿ. ಇದು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಕೊಡುವ ಅರ್ಹತೆ. ಮೂರು ಭಾಗದ ಪರೀಕ್ಷೆ, ಯಾವ ಡಿಗ್ರಿಯೂ ಬೇಕಿಲ್ಲ. ಪಾಸಾದವರು ಐಆರ್‌ಎಸ್ ಮುಂದೆ ತೆರಿಗೆದಾರರ ಪರವಾಗಿ ನಿಲ್ಲಬಹುದು. ಅಸೋಸಿಯೇಟ್‌ಗೆ ಇಲ್ಲದ ಒಂದು ಗಟ್ಟಿ ಹೆಸರು ಇದಕ್ಕಿದೆ ಅಂತ ನನ್ನ ಅನುಭವ.

ಇಎಡಿ ಇಲ್ಲದವರಿಗೆ ನಾನು ತಪ್ಪದೆ ಹೇಳುವುದು ವೀಟಾ ಬಗ್ಗೆ. ಕಡಿಮೆ ಆದಾಯದವರಿಗೆ ಉಚಿತವಾಗಿ ತೆರಿಗೆ ರಿಟರ್ನ್ ಮಾಡಿಕೊಡುವ ಐಆರ್‌ಎಸ್ ಕಾರ್ಯಕ್ರಮ ಇದು. ತರಬೇತಿ ಉಚಿತ, ಆನ್‌ಲೈನ್ ಪರೀಕ್ಷೆ ಪಾಸು ಮಾಡಬೇಕು. ಫೆಬ್ರವರಿಯಿಂದ ಏಪ್ರಿಲ್ ಮಧ್ಯದವರೆಗೆ ಲೈಬ್ರರಿಯಲ್ಲೋ ಸಮುದಾಯ ಕೇಂದ್ರದಲ್ಲೋ ಕೂತು ನಿಜವಾದ ಜನರ ರಿಟರ್ನ್ ಮಾಡುತ್ತೀರಿ. ಸ್ವಯಂಸೇವೆ ಆದ್ದರಿಂದ ಎಚ್-4ನವರೂ ಮಾಡಬಹುದು. ಆದರೆ ಬೇರೆಯವರು ಸಂಬಳ ಪಡೆಯುವ ಕೆಲಸವನ್ನು ಯಾವುದೋ ಕಂಪನಿಗೆ ಸುಮ್ನೆ ಮಾಡಿಕೊಡುವುದು ಬೇರೆ, ಅದು ವೀಸಾಗೆ ತೊಂದರೆ. ನಿಮ್ಮೂರಿನ ಕನ್ನಡ ಕೂಟಕ್ಕೆ ಖಜಾಂಚಿ ಬೇಕಾಗಿದ್ದರೆ ಕೈ ಎತ್ತಿ. ಸದಸ್ಯತ್ವದ ಹಣ, ರಾಜ್ಯೋತ್ಸವದ ಟಿಕೆಟ್, ಹಾಲ್ ಬಾಡಿಗೆ, ಊಟದ ಬಿಲ್ಲು ಎಲ್ಲವನ್ನೂ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ಹಾಕಿ ವರ್ಷದ ಲೆಕ್ಕ ಒಪ್ಪಿಸಿದರೆ, ಸಂದರ್ಶನದಲ್ಲಿ ಹೇಳಲು ನಿಜವಾದ ಕೆಲಸ ಇರುತ್ತದೆ.

ಸಿಪಿಎ ಗುರಿ ಇದ್ದವರು ತಮ್ಮ ರಾಜ್ಯದ ಅಕೌಂಟನ್ಸಿ ಬೋರ್ಡಿನ ನಿಯಮವನ್ನು ಮೊದಲ ದಿನವೇ ಓದಿ. ಬಹಳ ವರ್ಷ ಎಲ್ಲ ಕಡೆ 150 ಕ್ರೆಡಿಟ್ ಬೇಕಿತ್ತು. 2025ರಲ್ಲಿ ಒಹಾಯೊ, ಟೆಕ್ಸಾಸ್ ಥರದ ರಾಜ್ಯಗಳು ಬ್ಯಾಚುಲರ್ ಜೊತೆ ಎರಡು ವರ್ಷದ ಅನುಭವ ಇದ್ದರೆ ಸಾಕು ಎಂಬ ಇನ್ನೊಂದು ದಾರಿಯನ್ನೂ ಕಾನೂನಿನಲ್ಲಿ ತಂದವು. ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜಿನ ಅಕೌಂಟಿಂಗ್ ಯೂನಿಟ್‌ಗಳನ್ನು ಒಪ್ಪುತ್ತದೆ. ಟೆಕ್ಸಾಸ್ ಮೇಲಿನ ಹಂತದ ಅಕೌಂಟಿಂಗ್ ಕ್ಲಾಸುಗಳನ್ನೇ ಕೇಳುತ್ತದೆ.

ಕೊನೆಗೆ, ಕಾಲೇಜಿನ ಬಾಗಿಲಲ್ಲಿ

ಸರ್ಕಾರಿ ಕಮ್ಯುನಿಟಿ ಕಾಲೇಜನ್ನೇ ಆರಿಸಿ. ಜಾಹೀರಾತು ಹಾಕಿ ದಿನಾ ಫೋನ್ ಮಾಡುವ ಖಾಸಗಿ ಲಾಭದ ಕಾಲೇಜುಗಳ ಬಗ್ಗೆ ಹುಷಾರು. ಕೊರಿಂಥಿಯನ್ ಕಾಲೇಜುಗಳು 2015ರಲ್ಲಿ, ಐಟಿಟಿ ಟೆಕ್ 2016ರಲ್ಲಿ ಮುಚ್ಚಿದಾಗ ಸಾವಿರಾರು ವಿದ್ಯಾರ್ಥಿಗಳು ಸಾಲದ ಜೊತೆ ಬೀದಿಗೆ ಬಿದ್ದರು. ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡ್ ಪುಟದಲ್ಲಿ ಕಾಲೇಜಿನ ಹೆಸರು ಹಾಕಿದರೆ ಎಷ್ಟು ಜನ ಓದು ಮುಗಿಸುತ್ತಾರೆ, ಆಮೇಲೆ ಎಷ್ಟು ದುಡಿಯುತ್ತಾರೆ ಅಂತ ತೋರಿಸುತ್ತದೆ.

ಮುಂದೆ ಹೋಗುವ ಯೂನಿವರ್ಸಿಟಿಯನ್ನು ಈಗಲೇ ಗುರುತು ಮಾಡಿ. ಕ್ಯಾಲಿಫೋರ್ನಿಯಾದವರಿಗೆ ಅಸಿಸ್ಟ್ ಎಂಬ ವೆಬ್‌ಸೈಟಿನಲ್ಲಿ ಯಾವ ಕ್ಲಾಸ್ ಎಲ್ಲಿಗೆ ಸಲ್ಲುತ್ತದೆ ಅಂತ ಒಂದೊಂದಾಗಿ ಇದೆ. ಟೆಕ್ಸಾಸ್‌ನಲ್ಲಿ ಅಕೌಂಟಿಂಗ್ ಕ್ಲಾಸುಗಳಿಗೆ ಎಸಿಸಿಟಿ 2301, 2302 ಅಂತ ಎಲ್ಲ ಕಡೆ ಹೊಂದುವ ಸಂಖ್ಯೆಗಳಿವೆ. ಬೇರೆ ರಾಜ್ಯದಲ್ಲಿದ್ದರೆ ಯೂನಿವರ್ಸಿಟಿಯ ಟ್ರಾನ್ಸ್‌ಫರ್ ಆಫೀಸಿಗೆ ಈಮೇಲ್ ಹಾಕಿ. ಉತ್ತರ ಬರವಣಿಗೆಯಲ್ಲೇ ಇರಲಿ, ಬಾಯಿಮಾತು ಬೇಡ. ನನಗೆ ಬಾಯಲ್ಲಿ "ಎಲ್ಲ ಟ್ರಾನ್ಸ್‌ಫರ್ ಆಗುತ್ತೆ" ಅಂತ ಹೇಳಿದವರು ನಾನು ವಾಪಸ್ ಹೋಗಿ ಕೇಳುವ ಹೊತ್ತಿಗೆ ಆ ಕೆಲಸದಲ್ಲೇ ಇರಲಿಲ್ಲ.

ಇಷ್ಟಾದ ಮೇಲೂ ಮನಸ್ಸು ಡೋಲಾಯಮಾನ ಆಗಿದ್ದರೆ ಒಂದೇ ಕ್ಲಾಸಿಗೆ ಹೆಸರು ಕೊಡಿ. ಫೈನಾನ್ಷಿಯಲ್ ಅಕೌಂಟಿಂಗ್ ಸಾಕು. ಅದು ಸರ್ಟಿಫಿಕೇಟ್‌ಗೂ ಬೇಕು, ಅಸೋಸಿಯೇಟ್‌ಗೂ ಬೇಕು, ಬ್ಯಾಚುಲರ್‌ಗೂ ಸಲ್ಲುತ್ತದೆ. ಹೆಸರು ಕೊಟ್ಟ ದಿನವೇ ಕಾಲೇಜಿನ ಕ್ಯಾಲೆಂಡರಿನಲ್ಲಿ ಪೂರ್ತಿ ಫೀಸು ವಾಪಸ್ ಸಿಗುವ ಕೊನೆಯ ದಿನಾಂಕ ಹುಡುಕಿ, ಅಡುಗೆಮನೆಯ ಫ್ರಿಜ್ ಮೇಲೆ ಅಂಟಿಸಿ. ಆ ದಿನದ ಹಿಂದಿನ ರಾತ್ರಿ ನೋಟ್‌ಬುಕ್ ತೆಗೆದು ಆ ಎರಡು ಸಾಲನ್ನು ಇನ್ನೊಮ್ಮೆ ಕೂಡಿಸಿ.